ಪೀಠಿಕೆ ಸಾಕು, ವಿಷಯಕ್ಕೆ ಬಾ



ಕನ್ನಡ ಶಾಲೆ ಮುಗಿಸಿ ಹೋಗುವ ಮಕ್ಕಳಲ್ಲಿ ಒಬ್ಬರು ಪ್ರತಿ ವರ್ಷ ಈ ದಿನ ಮಾತಾಡಬೇಕು. ಹೋದ ವರ್ಷದವರು, ಅದರ ಹಿಂದಿನ ವರ್ಷದವರು, ಈ ಶಾಲೆ ತಮಗೆ ಏನು ಕೊಟ್ಟಿತು ಎಂದು ಚೆನ್ನಾಗಿ ಹೇಳಿದ್ದಾರೆ. ನನಗೆ ಟೀಚರ್ ಹೇಳಿದ್ದು, "ನೀವೆಲ್ಲ ಸೇರಿ ಮಾಡಿದ ಪಾಡ್‌ಕಾಸ್ಟ್ ಬಗ್ಗೆ ಮಾತಾಡು" ಅಂತ. ಪೂರ್ತಿ ಪಾಡ್‌ಕಾಸ್ಟ್ ಬಗ್ಗೆ ಮಾತಾಡಿದರೆ ಹೊರಗೆ ಇಟ್ಟಿರುವ ಬಿಸಿಬೇಳೆಬಾತ್ ತಣ್ಣಗಾಗುತ್ತದೆ. ಹಾಗಾಗಿ ಅದರ ಮೊದಲ ಮೂವತ್ತು ಸೆಕೆಂಡುಗಳ ಬಗ್ಗೆ ಮಾತ್ರ ಹೇಳುತ್ತೇನೆ. ಅಂದರೆ ಪೀಠಿಕೆಯ ಬಗ್ಗೆ.

ಪೀಠಿಕೆ ಎನ್ನುವ ಪದಕ್ಕೆ ನಮ್ಮ ಮನೆಯಲ್ಲಿ ಒಳ್ಳೆಯ ಹೆಸರಿಲ್ಲ. "ಅಮ್ಮಾ, ಬೇಜಾರು ಮಾಡ್ಕೋಬೇಡ, ಹೋದ್ಸಲ ಬೇಗ ಬಂದಿದ್ದೆ ತಾನೆ, ಈ ಶುಕ್ರವಾರ ಏನಂದ್ರೆ..." ಎಂದು ನಾನು ಶುರು ಮಾಡಿದರೆ ಸಾಕು, ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆಯೇ "ಪೀಠಿಕೆ ಸಾಕು, ವಿಷಯಕ್ಕೆ ಬಾ" ಅನ್ನುತ್ತಾರೆ. ನಿಮ್ಮ ಮನೆಗಳಲ್ಲೂ ಇದೇ ಮಾತು ನಡೆಯುತ್ತದೆ ಎಂದು ನನ್ನ ಸ್ನೇಹಿತರು ಹೇಳಿದ್ದಾರೆ.

ಆದರೆ ಅಪ್ಪನ ಊರು ಪುತ್ತೂರು. ಅಲ್ಲಿ ಪೀಠಿಕೆ ಎಂದರೆ ಮರ್ಯಾದೆಯ ವಿಷಯ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಪಂಚೆ ಶಲ್ಯದಲ್ಲಿ ಕೂತ ಒಬ್ಬರು ಮಾತು ಶುರು ಮಾಡುತ್ತಾರೆ. ಆ ಮೊದಲ ಮಾತಿಗೆ ಪೀಠಿಕೆ ಎಂದು ಹೆಸರು. ಕಿರೀಟ ಇಲ್ಲ, ಬಣ್ಣ ಇಲ್ಲ, ಹಾಗಾಗಿ ಎದುರಿಗೆ ಕೂತಿರುವುದು ಕರ್ಣನೋ ಕೃಷ್ಣನೋ ಎನ್ನುವುದನ್ನು ಮಾತೇ ತೋರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಣಗಳನ್ನು ಅಪ್ಪ ಕಾರಿನಲ್ಲಿ ಹಾಕುತ್ತಾರೆ. ಚಿಕ್ಕವಳಿದ್ದಾಗ ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದೆ. ಈಗ ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಒಳ್ಳೆಯ ಅರ್ಥಧಾರಿ ಕರ್ಣನಾಗಿ ಕೂತರೆ "ನಾನು ಕರ್ಣ, ನನ್ನ ಕಥೆ ಹೇಳುತ್ತೇನೆ" ಎನ್ನುವುದಿಲ್ಲ. ಭೀಷ್ಮರು ಮಲಗಿದ್ದಾಯಿತು, ದ್ರೋಣರೂ ಹೋದರು, ಈಗ ಸೇನಾಪತಿಯ ಪಟ್ಟ ನನ್ನ ತಲೆಯ ಮೇಲೆ, ಇದು ಗೌರವವೋ ಶಿಕ್ಷೆಯೋ ಎನ್ನುವ ಕಡೆಯಿಂದ ಹಿಡಿಯುತ್ತಾರೆ. ಯಾರು, ಎಲ್ಲಿ, ಏನು ಕಷ್ಟ, ಮೂರೂ ಬಂದುಬಿಡುತ್ತವೆ. ಆಮೇಲೆ ಅವರು ಅರ್ಧ ಗಂಟೆ ಪೀಠಿಕೆ ಹಾಕಿದರೂ ಜನ ಏಳುವುದಿಲ್ಲ. ನಮಗೆ ಆ ಅರ್ಧ ಗಂಟೆಯ ಸೌಕರ್ಯ ಇಲ್ಲ, ಅಷ್ಟೇ ವ್ಯತ್ಯಾಸ.

ಗೊತ್ತಿಲ್ಲದವರಿಗೆ ನಮ್ಮ ಪಾಡ್‌ಕಾಸ್ಟ್ ಬಗ್ಗೆ ಎರಡು ಮಾತು. ಹಿರಿಯರ ತರಗತಿಯ ಆರು ಜನ ಎರಡು ವರ್ಷದಲ್ಲಿ ಹನ್ನೊಂದು ಕಂತು ಮಾಡಿದ್ದೇವೆ. (ಎಪಿಸೋಡ್‌ಗೆ ಕಂತು ಎನ್ನಬೇಕು ಎಂದು ಟೀಚರ್ ಹೇಳಿದರು. ಕಂತು ಎಂದರೆ ತನಗೆ ಮನೆ ಸಾಲ ನೆನಪಾಗುತ್ತದೆ ಎಂದು ಅಪ್ಪ ಹೇಳಿದರು.) ಪ್ರತಿ ಕಂತಿನಲ್ಲಿ ಈ ಶಾಲೆಯ ಒಬ್ಬ ಪೋಷಕರನ್ನೋ, ಮೊಮ್ಮಕ್ಕಳನ್ನು ನೋಡಲು ಊರಿನಿಂದ ಬಂದ ಅಜ್ಜ ಅಜ್ಜಿಯರನ್ನೋ ಮಾತಾಡಿಸುತ್ತೇವೆ. ಇಪ್ಪತ್ತು ನಿಮಿಷ. ಕೇಳುವವರು ನೂರು ಜನ ಇಲ್ಲ. ಆ ನೂರರ ಒಳಗೇ ಎಂ50 ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ನಿಂತ ಅಪ್ಪಂದಿರಿದ್ದಾರೆ, ಮೈಸೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಅಜ್ಜಂದಿರಿದ್ದಾರೆ, ಇಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಾಲು ಆಡಿಸುತ್ತಿರುವ ಚಿಕ್ಕ ತರಗತಿಯ ಮಕ್ಕಳಿದ್ದಾರೆ. ನಾನು ಈಗ ಟ್ರಾನ್ಸಿಷನ್ ಇಯರ್‌ನಲ್ಲಿದ್ದೇನೆ, ಪರೀಕ್ಷೆಯ ಗಲಾಟೆ ಇಲ್ಲದ ಒಂದೇ ಒಂದು ವರ್ಷ, ಹಾಗಾಗಿ ಎಡಿಟಿಂಗ್ ಕೆಲಸದ ಬಹುಪಾಲು ನನ್ನ ಪಾಲಿಗೆ ಬಂತು.

ಪಾಡ್‌ಕಾಸ್ಟ್ ಹಾಕುವವರಿಗೆ ಒಂದು ಗ್ರಾಫ್ ಕಾಣುತ್ತದೆ. ಎಷ್ಟು ಜನ ಎಷ್ಟನೆಯ ನಿಮಿಷದವರೆಗೆ ಕೇಳಿದರು ಎಂದು ಒಂದು ಗೆರೆ. ಆ ಗೆರೆ ಕಂತಿನ ಮಧ್ಯದಲ್ಲಿ ನೆಟ್ಟಗೆ ಹೋಗುತ್ತದೆ. ಇಳಿಯುವುದು ಶುರುವಿನಲ್ಲಿ. ಒಂದು ನಿಮಿಷ ದಾಟಿದವರು ಸಾಮಾನ್ಯವಾಗಿ ಕೊನೆಯವರೆಗೂ ಇರುತ್ತಾರೆ. ಬಿಟ್ಟು ಹೋಗುವವರು ಅತಿಥಿಯ ಮಾತು ಕೇಳುವ ಮೊದಲೇ ಹೋಗಿರುತ್ತಾರೆ. ಅಂದರೆ ಅತಿಥಿ ಬೇಜಾರು ಎಂದು ಅವರು ಹೋಗಿದ್ದಲ್ಲ. ಅವರಿಗೆ ಕೇಳಿಸಿದ್ದು ಪೀಠಿಕೆ ಮಾತ್ರ.

ಕನ್ನಡದಲ್ಲಿ ಪೀಠಿಕೆ ಎಂದರೆ ನಮಗೆಲ್ಲ ಮೊದಲು ಬಾಯಿಗೆ ಬರುವುದು ವೇದಿಕೆಯ ಕನ್ನಡ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಆತ್ಮೀಯ ಕನ್ನಡ ಬಂಧುಗಳೇ, ತಮಗೆಲ್ಲರಿಗೂ ಆದರದ ಸ್ವಾಗತ, ಸುಸ್ವಾಗತ." ರಾಜ್ಯೋತ್ಸವಕ್ಕೆ ಇದನ್ನು ಬಾಯಿಪಾಠ ಮಾಡಿಯೇ ನಾವು ದೊಡ್ಡವರಾಗಿದ್ದು. ನಾನು ಇದನ್ನು ಗೇಲಿ ಮಾಡುತ್ತಿಲ್ಲ. ಸಭೆಯಲ್ಲಿ ಅದಕ್ಕೆ ಕೆಲಸ ಇದೆ. ತಡವಾಗಿ ಬಂದವರು ಕುರ್ಚಿ ಹುಡುಕುತ್ತಿರುತ್ತಾರೆ, ಯಾರಿಗೋ ಗೌರವ ಸಲ್ಲಬೇಕಾಗಿರುತ್ತದೆ, ಮಗು ಅಳು ನಿಲ್ಲಿಸಬೇಕು. ಆ ಎರಡು ನಿಮಿಷ ಎಲ್ಲರನ್ನೂ ಕೂರಿಸುತ್ತದೆ. ಮುಖ್ಯವಾಗಿ ಸಭೆಯಿಂದ ಯಾರೂ ಎದ್ದು ಹೋಗುವಂತಿಲ್ಲ, ಹೋದರೆ ಎಲ್ಲರೂ ನೋಡುತ್ತಾರೆ. ಇಯರ್‌ಫೋನ್ ಹಾಕಿಕೊಂಡವರು ಹೋದರೆ ಯಾರಿಗೂ ಕಾಣುವುದಿಲ್ಲ. ಹೆಬ್ಬೆರಳು ಒತ್ತಿದರೆ ಆಯಿತು. ಅಲ್ಲಿ ಕೂರಿಸಬೇಕಾದ ಜನವೂ ಇಲ್ಲ, ಇರುವುದು ಒಬ್ಬರು. ಅವರು ಆಗಲೇ ಕೂತಿದ್ದಾರೆ, ಇಲ್ಲವೇ ಪಾತ್ರೆ ತೊಳೆಯುತ್ತಿದ್ದಾರೆ.

ಒಬ್ಬರು ಎನ್ನುವುದು ಸಣ್ಣ ಮಾತಲ್ಲ. "ಎಲ್ಲರಿಗೂ" ಎಂದು ಶುರು ಮಾಡಿದರೆ ಕಿವಿಯಲ್ಲಿ ಒಬ್ಬರೇ ಇರುವವರಿಗೆ ಪಕ್ಕದ ಮನೆಯ ಸಮಾರಂಭ ಕೇಳಿದ ಹಾಗಾಗುತ್ತದೆ. ಇಂಗ್ಲಿಷಿನವರಿಗೆ ಒಂದು ಪದದಲ್ಲಿ ಕೆಲಸ ಮುಗಿಯುತ್ತದೆ. ನಮಗೆ ನೀನು, ನೀವು ಎರಡಿವೆ, ಕೇಳುವವರಲ್ಲಿ ಎಂಟು ವರ್ಷದವರೂ ಎಂಬತ್ತು ವರ್ಷದವರೂ ಇದ್ದಾರೆ. ಈ ಬಗ್ಗೆ ತರಗತಿಯಲ್ಲಿ ಒಂದು ಪೂರ್ತಿ ಶನಿವಾರ ಚರ್ಚೆ ನಡೆಯಿತು. ಕೊನೆಗೆ "ನೀವು" ಇಟ್ಟುಕೊಂಡೆವು. "ಪ್ರಿಯ ಕೇಳುಗರೇ" ತೆಗೆದೆವು. ಪೀಠಿಕೆಯಲ್ಲಿ ಎಲ್ಲೂ ಗುಂಪನ್ನು ಕರೆಯಬಾರದು ಎಂದು ಗೋಡೆಗೆ ಚೀಟಿ ಅಂಟಿಸಿದೆವು.

ಇದಕ್ಕೆಲ್ಲ ನಮಗೆ ಪಾಠ ಹೇಳಿದ್ದು ಹೊಸ ಪಾಡ್‌ಕಾಸ್ಟ್‌ಗಳಿಗಿಂತ ಹಳೆಯ ರೇಡಿಯೊ. ಆಕಾಶವಾಣಿ ಎನ್ನುವ ಹೆಸರು ಹುಟ್ಟಿದ್ದು ಮೈಸೂರಿನ ಒಂದು ಮನೆಯಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದರು. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನು ತೆಗೆದುಕೊಂಡಿತು. ಮನಃಶಾಸ್ತ್ರದ ಮೇಷ್ಟ್ರು ಮನೆಯಲ್ಲಿ ಕೂತು ರೇಡಿಯೊ ನಡೆಸಿದರು ಎಂದು ಓದಿದಾಗ, ಮಂಚದ ಮೇಲೆ ಕಂಬಳಿ ಹೊದ್ದುಕೊಂಡು ರೆಕಾರ್ಡ್ ಮಾಡುವ ನಮಗೆ ಬಹಳ ಧೈರ್ಯ ಬಂತು. (ಕಂಬಳಿ ಏಕೆಂದರೆ ಗೋಡೆಗೆ ಬಡಿದು ವಾಪಸು ಬರುವ ಸದ್ದನ್ನು ಅದು ನುಂಗುತ್ತದೆ. ಬೇಸಿಗೆಯಲ್ಲಿ ಕಷ್ಟ. ಐರ್ಲೆಂಡಿನಲ್ಲಿ ಬೇಸಿಗೆ ಕಡಿಮೆ.)

ನಿಮ್ಮಲ್ಲಿ ಅನೇಕರು ಬೆಳಗ್ಗೆ ಸ್ಕೂಲಿಗೆ ಹೊರಡುವಾಗ ರೇಡಿಯೊ ಕೇಳಿದವರು. ಮೊದಲು ಆ ಸಿಗ್ನೇಚರ್ ಟ್ಯೂನ್. ಅದನ್ನು ಮಾಡಿದ್ದು ವಾಲ್ಟರ್ ಕೌಫ್‌ಮನ್, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ. ವಲಸೆ ಬಂದ ಒಬ್ಬರ ರಾಗದಿಂದ ನಿಮ್ಮ ಬೆಳಗು ಶುರುವಾಗುತ್ತಿತ್ತು ಎನ್ನುವುದು ವಲಸೆ ಬಂದ ಮನೆಯ ನನಗೆ ಇಷ್ಟವಾದ ವಿಷಯ. ಆಮೇಲೆ ಆ ಮಾತು: "ಆಕಾಶವಾಣಿ. ವಾರ್ತೆಗಳು. ಓದುತ್ತಿರುವವರು..." ಅಷ್ಟೇ. ಅಜ್ಜ ಫೋನಿನಲ್ಲಿ ಆ ದನಿಯನ್ನು ಅನುಕರಿಸಿ ತೋರಿಸಿದರು. ನಾನು ಪದ ಎಣಿಸಿದೆ. ಹೆಸರು ಬಿಟ್ಟರೆ ಮೂರು ಪದ. ನಾವು ಯಾರು, ಇದು ಏನು, ಮಾತಾಡುವವರು ಯಾರು, ಮೂರೂ ಮುಗಿಯಿತು. ಇನ್ನೊಂದು ವಿಷಯ ನೋಡಿ, ಅದರಲ್ಲಿ ಎಲ್ಲೂ ಕೊನೆಯಲ್ಲಿ ಕ್ರಿಯಾಪದ ಇಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಾವು ಎರಡು ವರ್ಷದಲ್ಲಿ ಕಲಿತ ಮುಖ್ಯ ವಿಷಯ ಇದೇ, ಮತ್ತು ಇದನ್ನು ಪಾಡ್‌ಕಾಸ್ಟ್ ಬಗ್ಗೆ ಸಲಹೆ ಕೊಡುವ ಇಂಗ್ಲಿಷ್ ವಿಡಿಯೊಗಳಲ್ಲಿ ಯಾರೂ ಹೇಳುವುದಿಲ್ಲ. ಅವರಿಗೆ ಈ ಸಮಸ್ಯೆಯೇ ಇಲ್ಲ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಒಬ್ಬರ ಬಗ್ಗೆ ಏನೆಲ್ಲ ಹೇಳಬೇಕೋ ಅದೆಲ್ಲ ಅವರ ಹೆಸರಿಗಿಂತ ಮುಂಚೆ ಸಾಲಾಗಿ ನಿಲ್ಲುತ್ತದೆ. ಓದುವಾಗ ತೊಂದರೆ ಇಲ್ಲ, ಕಣ್ಣು ಹಿಂದೆ ಮುಂದೆ ಹೋಗಿ ಬರುತ್ತದೆ. ಕಿವಿಗೆ ಹಿಂದೆ ಹೋಗಲು ಬರುವುದಿಲ್ಲ. ಒಂದು ಉದಾಹರಣೆ. ಧಾರವಾಡದ ಒಬ್ಬ ಅಜ್ಜಿಯ ಕಂತಿಗೆ ಕಾಗದದ ಮೇಲೆ ಬರೆದ ಪೀಠಿಕೆ ಹೀಗಿತ್ತು: "ಕಳೆದ ಮೂರು ಬೇಸಿಗೆಗಳಿಂದ ಡಬ್ಲಿನ್‌ಗೆ ಬರುತ್ತಿರುವ, ಇಲ್ಲಿಯ ಇಂಡಕ್ಷನ್ ಒಲೆಯ ಮೇಲೆ ಜೋಳದ ರೊಟ್ಟಿ ಮಾಡುವ ವಿಧಾನವನ್ನು ತಾವೇ ಕಂಡುಕೊಂಡಿರುವ, ಎಪ್ಪತ್ತೆರಡು ವರ್ಷದ ಅಜ್ಜಿಯೊಬ್ಬರನ್ನು ಇಂದಿನ ಕಂತಿನಲ್ಲಿ ಭೇಟಿ ಮಾಡೋಣ." ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಕೇಳುವವರು ಅಜ್ಜಿ ಎನ್ನುವ ಪದ ಬರುವವರೆಗೆ ಬೇಸಿಗೆ, ಡಬ್ಲಿನ್, ಒಲೆ, ರೊಟ್ಟಿ, ಎಲ್ಲವನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ಯಾರ ಮೇಲೆ ಇಳಿಸಬೇಕು ಎಂದು ಗೊತ್ತಿಲ್ಲ.

ನಾವು ಕೊನೆಗೆ ಹಾಕಿದ್ದು ಇದು. ಮೊದಲು ನಾಲ್ಕು ಸೆಕೆಂಡ್ ಪಟ್, ಪಟ್, ಪಟ್ ಎನ್ನುವ ಸದ್ದು. ಆಮೇಲೆ: "ಇದು ಜೋಳದ ರೊಟ್ಟಿ ಬಡಿಯುವ ಸದ್ದು. ಬಡಿಯುತ್ತಿರುವವರು ಧಾರವಾಡದ ಒಬ್ಬ ಅಜ್ಜಿ. ಊರು ಡಬ್ಲಿನ್. ಒಲೆ ಇಂಡಕ್ಷನ್. ಅವರು ಊರಿನಿಂದ ಹೊತ್ತು ತಂದ ಹಂಚು ಈ ಒಲೆಗೆ ಕೂರಲ್ಲ. ಮತ್ತೆ ರೊಟ್ಟಿ ಹೇಗಾಯ್ತು?"

"ಬಡಿಯುತ್ತಿರುವವರು" ಎಲ್ಲಿಂದ ಬಂತು ಎಂದು ನಿಮಗೆ ಗೊತ್ತಾಯಿತು. ರೇಡಿಯೊ ಕೇಳಿ ಬೆಳೆದ ಎಲ್ಲ ಅಜ್ಜಂದಿರೂ ಅಲ್ಲಿ ನಕ್ಕರು ಎಂದು ಸುದ್ದಿ ಬಂತು. "ಊರು ಡಬ್ಲಿನ್, ಒಲೆ ಇಂಡಕ್ಷನ್" ಇವು ಕ್ರಿಯಾಪದ ಇಲ್ಲದ ವಾಕ್ಯಗಳು. ಇಂಗ್ಲಿಷ್‌ನಲ್ಲಿ ಹೀಗೆ ಹೇಳಿದರೆ ಟೆಲಿಗ್ರಾಂ ಓದಿದ ಹಾಗಿರುತ್ತದೆ, ಕನ್ನಡದಲ್ಲಿ ಮನೆಯ ಮಾತಿನ ಹಾಗಿರುತ್ತದೆ. ನಮ್ಮ ಭಾಷೆ ಕೊಟ್ಟ ಈ ಅನುಕೂಲವನ್ನು ಬಿಟ್ಟು ನಾವೇ ಏಕೆ ಉದ್ದುದ್ದ ವಾಕ್ಯ ಕಟ್ಟುತ್ತೇವೋ ಗೊತ್ತಿಲ್ಲ. ಮರ್ಯಾದೆ ಉದ್ದ ವಾಕ್ಯದಲ್ಲಿ ಮಾತ್ರ ಇರುತ್ತದೆ ಎಂದು ಯಾರೋ ನಮಗೆ ನಂಬಿಸಿರಬೇಕು.

ಕನ್ನಡದಲ್ಲಿ ಈಗ ಒಳ್ಳೆಯ ಪಾಡ್‌ಕಾಸ್ಟ್‌ಗಳಿವೆ. ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ ಶುರು ಮಾಡಿದ ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್ ನಮ್ಮ ತರಗತಿಯಲ್ಲಿ ಎಲ್ಲರೂ ಕೇಳಿದ್ದೇವೆ. ಅದರ ಹೆಸರೇ ಅರ್ಧ ಪೀಠಿಕೆ. ತಲೆಹರಟೆ ಎಂದ ಮೇಲೆ ಭಾಷಣ ಇರುವುದಿಲ್ಲ, ಮಾತುಕತೆ ಇರುತ್ತದೆ ಎಂದು ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿಯವರಲ್ಲಿ ಲಿಮರಿಕ್‌ನ ಬ್ಲೈಂಡ್‌ಬಾಯ್ ಇದ್ದಾರೆ, ಮುಖಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡೇ ಜನರ ಮುಂದೆ ಬರುವವರು. ಕೇಳುಗರನ್ನು ವಿಚಿತ್ರವಾಗಿ ಕರೆದು, ಅರ್ಧಕ್ಕೆ ನಿಂತ ಹರಟೆಯನ್ನು ಮುಂದುವರಿಸಿದ ಹಾಗೆ ಶುರು ಮಾಡುತ್ತಾರೆ. ಬೈಗುಳ ಬಹಳ. ಪೋಷಕರು ಕೇಳಿ ಎಂದು ನಾನು ಹೇಳಿದ್ದೇನೆ ಎಂದು ಯಾರಿಗೂ ಹೇಳಬೇಡಿ.

ಈಗ ಸ್ವಲ್ಪ ಕಷ್ಟದ ವಿಷಯ. ಪೀಠಿಕೆ ಯಾರ ದನಿಯಲ್ಲಿ ಇರಬೇಕು?

ನಮ್ಮ ಕನ್ನಡ ಹೇಗಿದೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಲಕಾರ ಳಕಾರ ಅದಲು ಬದಲಾಗುತ್ತವೆ. ರಕಾರ ಐರ್ಲೆಂಡಿನದು. ಒಂದು ವಾಕ್ಯದ ಕೊನೆಯಲ್ಲಿ ನಮ್ಮ ದನಿ ಮೇಲಕ್ಕೆ ಹೋಗುತ್ತದೆ, ಊರಿನಲ್ಲಿ ಕೆಳಕ್ಕೆ ಇಳಿಯಬೇಕಾದ ಜಾಗದಲ್ಲಿ. ಒಬ್ಬ ಅಂಕಲ್, ಬಹಳ ಒಳ್ಳೆಯ ದನಿ ಅವರದು, ನಮ್ಮ ಎಲ್ಲ ಕಾರ್ಯಕ್ರಮಗಳನ್ನೂ ನಿರೂಪಿಸುವವರು, ತಾವೇ ಪೀಠಿಕೆಗಳನ್ನು ಓದಿಕೊಡುತ್ತೇನೆ ಎಂದು ಪ್ರೀತಿಯಿಂದ ಹೇಳಿದರು. "ಶುರು ಚೆನ್ನಾಗಿರಲಿ, ಆಮೇಲೆ ನೀವು ಮಾತಾಡಿ" ಎಂದರು. ಟೀಚರ್ ನಿರ್ಧಾರವನ್ನು ನಮಗೆ ಬಿಟ್ಟರು. ಆರು ಜನರಲ್ಲಿ ನಾಲ್ಕು ಜನ ಬೇಡ ಎಂದೆವು. ಅಂಕಲ್ ಬೇಸರ ಮಾಡಿಕೊಳ್ಳಲಿಲ್ಲ, ಮೈಕ್ ಸ್ಟ್ಯಾಂಡ್ ಅವರೇ ಕೊಡಿಸಿದ್ದು.

ಬೇಡ ಎಂದಿದ್ದಕ್ಕೆ ಕಾರಣ ಈ ದೇಶದಲ್ಲೇ ಇದೆ. ಐರ್ಲೆಂಡಿನಲ್ಲಿ "ಕೂಪ್ಲಾ ಫೊಕಲ್" ಎಂಬ ಮಾತು ಇದೆ. ಐರಿಷ್ ಭಾಷೆಯಲ್ಲಿ ಅದರ ಅರ್ಥ ಒಂದೆರಡು ಪದ. ಮಂತ್ರಿಗಳು, ಪ್ರಿನ್ಸಿಪಾಲರು, ಬಹುಮಾನ ಕೊಡಲು ಬಂದವರು ಮೊದಲು ಐರಿಷ್‌ನಲ್ಲಿ ಎರಡು ವಾಕ್ಯ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಉಳಿದದ್ದೆಲ್ಲ ಇಂಗ್ಲಿಷ್. ನನ್ನ ಐರಿಷ್ ಸ್ನೇಹಿತೆಯರು ಜೂನಿಯರ್ ಇನ್‌ಫ್ಯಾಂಟ್ಸ್‌ನಿಂದ ಆ ಭಾಷೆ ಕಲಿತವರು, ನಾನೂ ಅವರ ಜೊತೆಗೇ ಕಲಿತೆ. ಆದರೂ ಬಸ್‌ಸ್ಟಾಪಿನಲ್ಲಿ ಮಾತಾಡು ಎಂದರೆ ನಾಚುತ್ತೇವೆ. 1926ರ ಜನವರಿ 1ರಂದು ಈ ದೇಶದ ರೇಡಿಯೊ ಶುರುವಾಯಿತು. ಅದರ ಹೆಸರು 2ಆರ್‌ಎನ್. ಅವತ್ತು ಉದ್ಘಾಟನೆಯ ಮಾತಾಡಿದವರು ಡಗ್ಲಸ್ ಹೈಡ್. ಐರಿಷ್ ಭಾಷೆ ಉಳಿಸಲು 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಮುಖ್ಯರು, ಮುಂದೆ 1938ರಲ್ಲಿ ದೇಶದ ಮೊದಲ ರಾಷ್ಟ್ರಾಧ್ಯಕ್ಷರಾದವರು. ಅವರು ಐರಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಮಾತಾಡಿದರು. ಆದರೆ ಪೂರ್ತಿ ಐರಿಷ್‌ನ ರೇಡಿಯೊ, ರೇಡಿಯೊ ನಾ ಗೇಲ್‌ಟಾಕ್ಟಾ, ಬರಲು 1972ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಬಹಳ ಸಲ ಭಾಷೆ ಪೀಠಿಕೆಯಲ್ಲೇ ನಿಂತಿತ್ತು.

ನಮ್ಮ ಕಾರ್ಯಕ್ರಮಗಳಲ್ಲೂ ಕನ್ನಡದ ಕೂಪ್ಲಾ ಫೊಕಲ್ ನಡೆಯುತ್ತದೆ. "ಎಲ್ಲರಿಗೂ ನಮಸ್ಕಾರ" ಮುಗಿದ ಮೇಲೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಪೀಠಿಕೆ ಒಂದು ಮಾತು ಕೊಟ್ಟ ಹಾಗೆ. ಮುಂದೆ ಏನು ಬರುತ್ತದೋ ಅದನ್ನೇ ಅದು ತೋರಿಸಬೇಕು. ಅಂಕಲ್ ಅವರ ಚಿನ್ನದಂಥ ಕನ್ನಡದಲ್ಲಿ ಶುರುವಾಗಿ ಒಂದು ನಿಮಿಷಕ್ಕೆ ನನ್ನ ಕನ್ನಡ ಬಂದರೆ, ನನ್ನದು ಇಳಿದ ಹಾಗೆ ಕೇಳುತ್ತದೆ. ನನ್ನದರಲ್ಲೇ ಶುರುವಾದರೆ ಅದು ಬರೀ ನನ್ನ ಕನ್ನಡ. ಮುಂದಿನ ಸಾಲಿನಲ್ಲಿರುವ ಎಂಟು ವರ್ಷದ ಮಗು ಕಾರಿನಲ್ಲಿ ಅದನ್ನು ಕೇಳಿದರೆ, ತನ್ನ ಹಾಗೇ ಮಾತಾಡುವ ಒಬ್ಬಳು ಇಪ್ಪತ್ತು ನಿಮಿಷ ಇಂಗ್ಲಿಷ್‌ಗೆ ಜಾರದೆ ಮಾತಾಡಿದಳು ಎನ್ನುವುದು ಅದಕ್ಕೆ ಗೊತ್ತಾಗುತ್ತದೆ. ಆ ಮಗು ರಾಜ್ಯೋತ್ಸವದ ನಿರೂಪಣೆ ಕೇಳಿ ಕನ್ನಡ ಮಾತಾಡಲು ಶುರು ಮಾಡುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಮೈಸೂರಿನ ಅಜ್ಜ ಕೇಳಿ ಹೇಳಿದ್ದು: "ಸ್ವಲ್ಪ ಆ ಕಡೆಯವರು ಮಾತಾಡಿದ ಹಾಗಿದೆ. ಪರವಾಗಿಲ್ಲ, ಅರ್ಥ ಆಗುತ್ತೆ. ನಿಧಾನವಾಗಿ ಹೇಳು." ಹಾಗಾಗಿ ನಿಧಾನ ಮಾಡಿದೆವು. ನಾನು ಅಳೆದಾಗ ಮೂವತ್ತು ಸೆಕೆಂಡಿಗೆ ನನ್ನ ಬಾಯಲ್ಲಿ ಐವತ್ತು ಕನ್ನಡ ಪದ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚು ಬರೆದರೆ ಓಡಬೇಕಾಗುತ್ತದೆ.

ಇನ್ನು ಒಂದು ಕಂತಿನ ಬಗ್ಗೆ ಹೇಳಿ ಮುಗಿಸುತ್ತೇನೆ. ಇದನ್ನು ಇಲ್ಲಿ ಹೇಳಲು ಅವರ ಒಪ್ಪಿಗೆ ಕೇಳಿದ್ದೇನೆ. ಅವರು ಇಲ್ಲೇ ಕೂತಿದ್ದಾರೆ, ಎಲ್ಲಿ ಎಂದು ನೋಡಬೇಡಿ.

ಅವರು ನರ್ಸ್. ಹದಿನಾರು ವರ್ಷ ರಾತ್ರಿ ಪಾಳಿ ಹೆಚ್ಚು ಮಾಡಿದವರು. 2020ರ ಏಪ್ರಿಲ್‌ನಲ್ಲಿ, ಇಲ್ಲಿ ಆಸ್ಪತ್ರೆಗಳು ತುಂಬಿದ್ದಾಗ, ಹಾಸನ ಜಿಲ್ಲೆಯಲ್ಲಿ ಅವರ ತಂದೆ ತೀರಿಕೊಂಡರು. ಮಾರ್ಚ್ ಕೊನೆಯಿಂದ ಭಾರತಕ್ಕೆ ವಿಮಾನ ನಿಂತಿತ್ತು. ತಂದೆಯ ಅಂತ್ಯಕ್ರಿಯೆಯನ್ನು ಅವರು ವಾಟ್ಸ್‌ಆ್ಯಪ್‌ನಲ್ಲಿ ನೋಡಿದರು, ಆ ರಾತ್ರಿ ಮತ್ತೆ ಡ್ಯೂಟಿಗೆ ಹೋದರು. ಇದನ್ನೆಲ್ಲ ಅವರು ನಮಗೆ ಒಂದೂಕಾಲು ಗಂಟೆ ಹೇಳಿದರು. ಒಂದು ಕಡೆ ಅವರ ದನಿ ನಿಂತುಹೋಯಿತು. ನಾವೂ ಸುಮ್ಮನೆ ಕೂತೆವು. ಆ ಮೌನವೂ ರೆಕಾರ್ಡ್ ಆಗಿದೆ.

ಪಾಡ್‌ಕಾಸ್ಟ್ ಪೀಠಿಕೆಯ ಬಗ್ಗೆ ಎಲ್ಲರೂ ಕೊಡುವ ಸಲಹೆ ಒಂದೇ: ಕಂತಿನ ಅತಿ ಗಟ್ಟಿಯಾದ ಹದಿನೈದು ಸೆಕೆಂಡ್ ತೆಗೆದು ಮುಂದಕ್ಕೆ ಇಡಿ. 2014ರಲ್ಲಿ ಪಾಡ್‌ಕಾಸ್ಟ್‌ಗಳನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದ ಸೀರಿಯಲ್ ಎನ್ನುವ ಅಮೆರಿಕದ ಕಾರ್ಯಕ್ರಮದಲ್ಲಿ ಜೈಲಿನಿಂದ ಬರುವ ಫೋನ್ ಕರೆಯ ದನಿ ಮೊದಲು ಕೇಳುತ್ತದೆ, ಕೇಳಿದವರು ಬಿಡುವುದಿಲ್ಲ. ಆ ಸಲಹೆಯ ಪ್ರಕಾರ ನಮ್ಮ ಹದಿನೈದು ಸೆಕೆಂಡ್ ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಆಂಟಿಯನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಒಳಗಡೆ ಇರಲಿ ಪುಟ್ಟಾ, ತೆಗೀಬೇಡಿ. ಆದ್ರೆ ಬಾಗಿಲಲ್ಲಿ ನಿಲ್ಲಿಸ್ಬೇಡಿ" ಎಂದರು. ಒಳಗೆ ಬಂದು ಕೂತು, ಹತ್ತು ನಿಮಿಷ ತಮ್ಮ ಜೊತೆ ಇದ್ದವರಿಗೆ ಅದನ್ನು ಹೇಳಬಹುದು, ದಾರಿಯಲ್ಲಿ ಹೋಗುವವರಿಗೆ ಏಕೆ ಎಂದು ಅವರ ಪ್ರಶ್ನೆ.

ನಮ್ಮಲ್ಲಿ ಒಬ್ಬನಿಗೆ ಇದು ಒಪ್ಪಿಗೆಯಾಗಲಿಲ್ಲ. ಅದನ್ನು ಮುಂದೆ ಇಟ್ಟರೆ ಹೆಚ್ಚು ಜನ ಕೇಳುತ್ತಾರೆ, ಕೇಳದೇ ಹೋದರೆ ಅವರು ಅಷ್ಟು ಹೇಳಿದ್ದು ವ್ಯರ್ಥ ಎಂದು ಅವನ ವಾದ. ಅದೂ ಸುಳ್ಳಲ್ಲ. ಗ್ರಾಫ್ ಅವನ ಪರವಾಗಿಯೇ ಇತ್ತು. ಆದರೂ ಆ ಹದಿನೈದು ಸೆಕೆಂಡ್ ನಮ್ಮದಲ್ಲ, ಆಂಟಿಯದು. ಹಾಗಾಗಿ ಒಂದೂಕಾಲು ಗಂಟೆಯ ರೆಕಾರ್ಡಿಂಗನ್ನು ಮತ್ತೆ ಮೊದಲಿನಿಂದ ಕೇಳಿದೆವು, ಬಾಗಿಲಲ್ಲಿ ಏನು ನಿಲ್ಲಿಸಬಹುದು ಎಂದು. ನಲವತ್ತನೆಯ ನಿಮಿಷದಲ್ಲಿ, ಅವರು ಬೇರೇನೋ ಹ���ಳುತ್ತಾ ಸುಮ್ಮನೆ ಸೇರಿಸಿದ ಒಂದು ಮಾತು ಸಿಕ್ಕಿತು. ಪೀಠಿಕೆ ಹೀಗೆ ಆಯಿತು:

"ರಾತ್ರಿ ಪಾಳಿ ಮುಗಿಯೋದು ಬೆಳಗ್ಗೆ ಎಂಟಕ್ಕೆ. ಮನೆಗೆ ಬಂದು ಶೂ ಬಿಚ್ಚೋ ಹೊತ್ತಿಗೆ ಊರಲ್ಲಿ ಮಧ್ಯಾಹ್ನ. ಹದಿನಾರು ವರ್ಷ, ದಿನಾ ಅದೇ ಹೊತ್ತಿಗೆ ಒಂದು ಫೋನ್. ಮೊದಲ ಮಾತು ಯಾವಾಗಲೂ ಒಂದೇ." ಆಮೇಲೆ ಆಂಟಿಯ ದನಿ, ನಗುತ್ತಾ: "ಅಪ್ಪ, ಊಟ ಆಯ್ತಾ?" ಆಮೇಲೆ ನನ್ನ ದನಿ: "ಈ ಕಂತು ಆ ಫೋನ್ ಬಗ್ಗೆ."

ಅಷ್ಟೇ. ಅಪ್ಪ ಇಲ್ಲ ಎಂದು ಎಲ್ಲೂ ಹೇಳಿಲ್ಲ. ಹದಿನಾರು ವರ್ಷ ಎಂದು ಎಣಿಸಿದ ಮೇಲೆ ಕೇಳುವವರಿಗೆ ಗೊತ್ತಾಗುತ್ತದೆ. ನಮ್ಮ ಹನ್ನೊಂದು ಕಂತುಗಳಲ್ಲಿ ಗೆರೆ ಅತಿ ಕಡಿಮೆ ಇಳಿದದ್ದು ಇದರಲ್ಲಿ. ಇನ್ನೊಂದು ಪೀಠಿಕೆ ಹಾಕಿದ್ದರೂ ಹಾಗೇ ಆಗುತ್ತಿತ್ತೇನೋ ಎಂದು ನನ್ನ ಸ್ನೇಹಿತ ಇನ್ನೂ ಹೇಳುತ್ತಾನೆ. ಕಂತು ಬಂದ ವಾರ ನಮ್ಮ ಮನೆಯಲ್ಲಿ ಅಮ್ಮ ಅದನ್ನು ಎರಡು ಸಲ ಕೇಳಿ, ಏನೂ ಹೇಳದೆ ಅಜ್ಜಿಗೆ ಫೋನ್ ಮಾಡಲು ಮೇಲಕ್ಕೆ ಹೋದರು. ಅಲ್ಲಿ ಆಗ ರಾತ್ರಿ ಹತ್ತೂವರೆ. "ಊಟ ಆಯ್ತಾ" ಎಂದು ಕೇಳಿದ್ದು ಮೆಟ್ಟಿಲಿನ ಮೇಲೆ ಕೇಳಿಸಿತು.

ಉಳಿದ ವಿಷಯಗಳು ಚಿಕ್ಕವು, ಮುಂದೆ ನಡೆಸುವವರಿಗೆ ಬೇಕಾಗುತ್ತವೆ. ಪೀಠಿಕೆಯನ್ನು ಕೊನೆಗೆ ಬರೆಯಿರಿ, ಕಂತು ಪೂರ್ತಿ ಕೇಳಿದ ಮೇಲೆ. ಬರೆದದ್ದನ್ನು ತರಗತಿಯಲ್ಲಿ ಕಾಗದ ನೋಡದವರ ಮುಂದೆ ಜೋರಾಗಿ ಓದಿ, ಅವರು "ಯಾರು?" ಎಂದು ಕೇಳಿದ ಜಾಗದಲ್ಲಿ ವಾಕ್ಯ ಮುರಿಯಿರಿ. "ಬಹಳ ಆಸಕ್ತಿಕರವಾದ", "ವಿಶೇಷ ಅತಿಥಿ" ಎಂಬ ಪದಗಳು ಬಂದರೆ ಹೊಡೆದುಹಾಕಿ. ಸಿನಿಮಾ ಹಾಡು ಹಾಕಬೇಡಿ, ಅದಕ್ಕೆ ಹಕ್ಕು ಬೇಕು. ಮೃದಂಗ ಕಲಿಯುವವರು ನಮ್ಮಲ್ಲೇ ಮೂರು ಜನ ಇದ್ದಾರೆ, ಐದು ಸೆಕೆಂಡ್ ನುಡಿಸಿ ಎಂದರೆ ಐದು ನಿಮಿಷ ನುಡಿಸುತ್ತಾರೆ. ಮತ್ತು ಮಾತಾಡಿದವರಿಗೆ ಮೊದಲು ಕೇಳಿಸಿ, ಆಮೇಲೆ ಹಾಕಿ.

ಮೈಕ್ ಮತ್ತು ಅಂಕಲ್ ಕೊಡಿಸಿದ ಸ್ಟ್ಯಾಂಡ್ ಶಾಲೆಯ ಬೀರುವಿನಲ್ಲಿವೆ. ಕಂಬಳಿ ನಮ್ಮ ಮನೆಯದು, ಅದು ಮಾತ್ರ ವಾಪಸು ಬೇಕು. ಹನ್ನೆರಡನೆಯ ಕಂತನ್ನು ಮಾಡುವವರು ಈಗ ಏಳನೆಯ ಹಂತದಲ್ಲಿರುವ ಇಬ್ಬರು. ಅತಿಥಿ ನಮ್ಮ ಶಾಲೆಯ ಒಬ್ಬ ಟೀಚರ್. ಬೇಡ ಬೇಡ ಎಂದು ಎರಡು ವರ್ಷ ತಪ್ಪಿಸಿಕೊಂಡು, ಹೋದ ಶನಿವಾರ ಒಪ್ಪಿದ್ದಾರೆ. ಹೆಸರು ಹೇಳಬಾರದು ಎಂದಿದ್ದಾರೆ, ಆದರೆ ಈಗ ಯಾರು ತಲೆ ಬಗ್ಗಿಸಿಕೊಂಡು ಸೀರೆಯ ಸೆರಗು ಸರಿ ಮಾಡಿಕೊಳ್ಳುತ್ತಿದ್ದಾರೆ ಎಂದು ನೋಡಿದರೆ ನಿಮಗೇ ತಿಳಿಯುತ್ತದೆ.

ಊಟಕ್ಕೆ ಹೋಗೋಣ.